ಮನೆಗೆ ಕುತ್ತಿಗೆ ಟ್ರ್ಯಾಕ್ಷನ್ ಸಾಧನ ಆರಿಸುವುದು ಹೇಗೆ: ಕೊಳ್ಳುವ ಮೊದಲು, ಕೊಳ್ಳುವಾಗ, ಕೊಂಡ ಮೇಲೆ

ನಮ್ಮ ಊರಿನ ದರ್ಜಿಯೊಬ್ಬರು ಒಂದು ಬೆಳಿಗ್ಗೆ ಬಲಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡೇ ನನ್ನ ಕ್ಲಿನಿಕ್‌ನ ಮೆಟ್ಟಿಲು ಹತ್ತಿ ಬಂದರು. ಕೈ ಇಳಿಬಿಟ್ಟರೆ ಹೆಗಲಿನಿಂದ ನಡುಬೆರಳಿನ ತುದಿಯವರೆಗೆ ಛಳುಕು ಹೊಡೆಯುತ್ತಿತ್ತು. ಎಡಗೈಯಲ್ಲಿ ಒಂದು ಚೀಲ, ಅದರೊಳಗೆ ಮೆಡಿಕಲ್ ಅಂಗಡಿಯಲ್ಲಿ ಕೊಂಡ ಟ್ರ್ಯಾಕ್ಷನ್ ಕಿಟ್, ಅಂದರೆ ತೂಕ ಕಟ್ಟಿ ತಲೆಯನ್ನು ಮೇಲಕ್ಕೆ ಎಳೆದು ಕುತ್ತಿಗೆಯ ಭಾರ ಇಳಿಸುವ ಸಾಧನ. ಅಂಗಡಿಯವರು "ಹತ್ತರಲ್ಲಿ ಶುರು ಮಾಡಿ" ಎಂದಿದ್ದರು. ಇವರು ಅದನ್ನು ಹತ್ತು ಕಿಲೋ ಎಂದು ತಿಳಿದರು. ನೀರಿನ ಚೀಲದಲ್ಲಿ ಹಿಡಿಸಿದ್ದು ಒಂಬತ್ತೇ ಲೀಟರ್, ಹಾಗಾಗಿ ಬಾಯಿಯವರೆಗೂ ತುಂಬಿಸಿ ತಲೆಗೆ ನೇತುಹಾಕಿಕೊಂಡರು. ಮೂರನೆಯ ದಿನ ದವಡೆ ತೆರೆಯಲು ಆಗುತ್ತಿರಲಿಲ್ಲ, ಕೈ ನೋವು ಮೊದಲಿಗಿಂತ ಜಾಸ್ತಿ. ಅಂಗಡಿಯವರು ಹೇಳಿದ ಹತ್ತು ಪೌಂಡಿನ ಲೆಕ್ಕದ್ದು, ಅಂದರೆ ನಾಲ್ಕೂವರೆ ಕಿಲೋ.

ಫಿಸಿಯೋಥೆರಪಿಸ್ಟ್ ಆಗಿ ಇಂಥವರನ್ನು ಮತ್ತೆ ಮತ್ತೆ ನೋಡಿದ ಮೇಲೆ ನಾನು ಎರಡು ಮಾತಿಗೆ ಅಂಟಿಕೊಂಡಿದ್ದೇನೆ. ಎಳೆದರೆ ನಿಮಗೆ ಹಿತವಾಗುತ್ತದೆಯೇ ಎಂಬುದನ್ನು ತಿಳಿದವರೊಬ್ಬರ ಕೈ ಮೊದಲು ಪರೀಕ್ಷಿಸಿರಬೇಕು. ಎಷ್ಟು ಎಳೆಯುತ್ತಿದ್ದೀರಿ ಎಂಬುದನ್ನು ಅಳೆಯಲು ನಿಮಗೆ ಬರಬೇಕು. ಇವೆರಡರಲ್ಲಿ ಒಂದು ಇಲ್ಲವಾದರೂ ಸಾಧನ ಎಷ್ಟೇ ಅಗ್ಗವಾಗಿರಲಿ, ಎಷ್ಟೇ ದುಬಾರಿಯಾಗಿರಲಿ, ಮನೆಗೆ ಬೇಡ. ಮುಂದೆ ಬರೆದಿರುವುದೆಲ್ಲ ಈ ಎರಡು ಮಾತಿನ ವಿವರ.

ಎಳೆತ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕುತ್ತಿಗೆಯಲ್ಲಿ ಏಳು ಮೂಳೆಗಳಿವೆ, ಎಂಟು ಜೋಡಿ ನರಬೇರುಗಳಿವೆ. ಒಂದೊಂದು ನರವೂ ಎರಡು ಮೂಳೆಗಳ ನಡುವಿನ ಕಿರಿದಾದ ಕಿಂಡಿಯಿಂದ ಹೊರಬಂದು ಹೆಗಲು, ತೋಳು, ಬೆರಳಿನತ್ತ ಹೋಗುತ್ತದೆ. ವಯಸ್ಸಾದಂತೆ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ತಗ್ಗಿ ಕಿಂಡಿ ಕಿರಿದಾಗಬಹುದು, ಮೂಳೆಯ ಅಂಚಿನಲ್ಲಿ ಮುಳ್ಳಿನಂತಹ ಬೆಳವಣಿಗೆ ಬರಬಹುದು, ಇಲ್ಲವೇ ಡಿಸ್ಕ್‌ನ ಒಳತಿರುಳು ಹೊರಗೆ ಉಬ್ಬಿ ನರವನ್ನು ತಾಗಬಹುದು. ಜನ ಇದನ್ನೇ "ನರ ಒತ್ತಿದೆ" ಎನ್ನುತ್ತಾರೆ. ಆರನೆಯ ನರಬೇರಿಗೆ ತೊಂದರೆಯಾದರೆ ಹೆಬ್ಬೆರಳಿನ ಕಡೆ ಜೋಮು, ಏಳನೆಯದಕ್ಕಾದರೆ ನಡುಬೆರಳಿಗೆ, ಎಂಟನೆಯದಕ್ಕಾದರೆ ಕಿರುಬೆರಳಿನ ಕಡೆಗೆ. ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟು ತಿನ್ನುವುದು ಏಳನೆಯದು. ಆ ದರ್ಜಿಗೂ ಅದೇ ಆಗಿತ್ತು.

ತಲೆಯನ್ನು ಹದವಾಗಿ ಮೇಲಕ್ಕೆ ಎಳೆದರೆ ಆ ಕಿಂಡಿಯ ಮೇಲಿನ ಭಾರ ಇಳಿಯುತ್ತದೆ, ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ, ನರಕ್ಕೆ ಸ್ವಲ್ಪ ಜಾಗ ಸಿಗುತ್ತದೆ. ಆದರೆ ಎಳೆತ ಬಿಟ್ಟ ಮೇಲೆ ಮೂಳೆಗಳು ಮೊದಲಿನ ಜಾಗಕ್ಕೇ ಬರುತ್ತವೆ. ಹೊರಬಂದ ಡಿಸ್ಕ್ ಶಾಶ್ವತವಾಗಿ ಒಳಗೆ ಹೋಗುತ್ತದೆ, ಸವೆದದ್ದು ಬೆಳೆಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ನಂಬಬೇಡಿ. ಟ್ರ್ಯಾಕ್ಷನ್ ಕೊಡುವುದು ಬಿಡುವು. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿದವರು ಗುಣಮುಖರಾಗುತ್ತಾರೆ, ಎಳೆತವನ್ನೇ ನೆಚ್ಚಿ ಕುಳಿತವರು ಕುಳಿತಲ್ಲೇ ಇರುತ್ತಾರೆ.

ಅಧ್ಯಯನಗಳು ಹೇಳುವುದನ್ನೂ ಮುಚ್ಚಿಡಬಾರದು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2008ರ ವಿಮರ್ಶೆ, ಕುತ್ತಿಗೆ ಟ್ರ್ಯಾಕ್ಷನ್‌ನಿಂದ ಲಾಭವಿದೆ ಎನ್ನಲೂ ಇಲ್ಲ ಎನ್ನಲೂ ಪುರಾವೆ ಸಾಲದು ಎಂದಿತು. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ನರ ಒತ್ತಿದ್ದ 86 ಜನರನ್ನು ಮೂರು ಗುಂಪು ಮಾಡಿದ್ದರು: ವ್ಯಾಯಾಮ ಮಾತ್ರ, ವ್ಯಾಯಾಮದ ಜೊತೆ ಬಾಗಿಲಿಗೆ ಕಟ್ಟುವ ಟ್ರ್ಯಾಕ್ಷನ್, ವ್ಯಾಯಾಮದ ಜೊತೆ ಯಂತ್ರದ ಟ್ರ್ಯಾಕ್ಷನ್. ತಿಂಗಳುಗಳು ಕಳೆದ ಮೇಲೆ ನೋಡಿದಾಗ ಯಂತ್ರದ ಗುಂಪಿನವರ ತೊಂದರೆ ಹೆಚ್ಚು ತಗ್ಗಿತ್ತು. ಮೂರು ಗುಂಪಿನವರೂ ವ್ಯಾಯಾಮ ಮಾಡಿದ್ದರು ಎಂಬುದನ್ನು ಮರೆಯಬೇಡಿ. ಇನ್ನೊಂದು ಸಮಾಧಾನದ ಸಂಗತಿಯೂ ಇದೆ. ಕುತ್ತಿಗೆಯ ನರ ಒತ್ತಿದವರಲ್ಲಿ ಬಹಳಷ್ಟು ಜನ ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ವಾರಗಳಲ್ಲಿ, ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ಇಂದೇ ಕೊಳ್ಳಬೇಕೆಂಬ ಅವಸರ ಬೇಡ.

ಮೊದಲ ಹೆಜ್ಜೆ: ನಿಮ್ಮ ಕುತ್ತಿಗೆಗೆ ಎಳೆತ ಸಲ್ಲುತ್ತದೆಯೇ

ಈ ಹೆಜ್ಜೆಯನ್ನು ದಾಟಿ ಅಂಗಡಿಗೆ ಹೋಗುವವರೇ ಹೆಚ್ಚು, ಪೆಟ್ಟು ತಿನ್ನುವವರೂ ಅವರೇ. ಆದ್ದರಿಂದ ಇಲ್ಲಿ ನಿಧಾನವಾಗಿ ಓದಿ.

ನರಬೇರು ಒತ್ತುವುದು ಒಂದು, ಬೆನ್ನುಹುರಿಯೇ ಒತ್ತುವುದು ಇನ್ನೊಂದು. ಎರಡನೆಯದಕ್ಕೆ ಮನೆಯಲ್ಲಿ ಟ್ರ್ಯಾಕ್ಷನ್ ಮಾಡಲೇಬಾರದು. ಅದರ ಲಕ್ಷಣಗಳು ಕಳ್ಳಹೆಜ್ಜೆಯಲ್ಲಿ ಬರುತ್ತವೆ, ನೋವು ಇರಲೇಬೇಕೆಂದಿಲ್ಲ. ರವಿಕೆಯ ಹುಕ್ಕು, ಅಂಗಿಯ ಗುಂಡಿ ಹಾಕಲು ತಡವರಿಸುವುದು, ಹೂ ಕಟ್ಟುವಾಗ ದಾರ ಕೈತಪ್ಪುವುದು, ರಂಗೋಲಿಯ ಎಳೆ ಸೊಟ್ಟಗಾಗುವುದು, ಅಕ್ಷರ ಕೆಡುವುದು, ತುತ್ತು ಕಲಸುವಾಗ ಬೆರಳು ಮಾತು ಕೇಳದಿರುವುದು, ನಡೆಯುವಾಗ ಓಲಾಡುವುದು, ಕತ್ತಲಲ್ಲಿ ಗೋಡೆ ಹಿಡಿಯಬೇಕೆನಿಸುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು, ತಲೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಕರೆಂಟ್ ಹೊಡೆದಂತಾಗುವುದು. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಮುಷ್ಟಿ ಬಿಗಿದು, ಬೆರಳುಗಳನ್ನು ಪೂರ್ತಿ ಬಿಚ್ಚಿ, ಮತ್ತೆ ಬಿಗಿಯಿರಿ. ಆರೋಗ್ಯವಂತರು 10 ಸೆಕೆಂಡಿನಲ್ಲಿ 20 ಸಲ ಮಾಡುತ್ತಾರೆ. ಅದಕ್ಕಿಂತ ಬಹಳ ಕಡಿಮೆಯಾದರೆ, ಇಲ್ಲವೇ ಮೇಲಿನ ಲಕ್ಷಣಗಳಲ್ಲಿ ಒಂದಾದರೂ ಇದ್ದರೆ, ಮೂಳೆ ಅಥವಾ ನರರೋಗ ತಜ್ಞರನ್ನು ಕಾಣಿರಿ. ಎಂಆರ್‌ಐ ಆಗುವವರೆಗೆ ಕುತ್ತಿಗೆಯನ್ನು ಯಾರೂ ಎಳೆಯಬಾರದು. ಪಕ್ಕದೂರಿನಲ್ಲಿ ಕುತ್ತಿಗೆ ತಿರುವಿ ಲಟಕ್ಕೆನಿಸುವವರೂ ಕೂಡದು.

ಇನ್ನು ಕೆಲವರಿಗೆ ಎಳೆತ ಸಲ್ಲದು. ಆಮವಾತ, ಅಂದರೆ ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಕುತ್ತಿಗೆಯ ಮೊದಲೆರಡು ಮೂಳೆಗಳ ಕಟ್ಟು ಸಡಿಲವಾಗಿರಬಹುದು. ಡೌನ್ ಸಿಂಡ್ರೋಮ್ ಇರುವವರಲ್ಲೂ ಹೀಗೆಯೇ. ಮೂಳೆ ಸವಕಳಿ ತೀವ್ರವಾಗಿರುವವರು, ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರು, ಇತ್ತೀಚೆಗೆ ಬೈಕಿನಿಂದ ಬಿದ್ದವರು, ಕುತ್ತಿಗೆಗೆ ಶಸ್ತ್ರಚಿಕಿತ್ಸೆ ಆದವರು, ತಲೆ ತಿರುಗಿಸಿದರೆ ಕಣ್ಣು ಕತ್ತಲೆ ಬರುವವರು, ಕುತ್ತಿಗೆಯ ರಕ್ತನಾಳದಲ್ಲಿ ಅಡಚಣೆ ಇರುವವರು, ರಕ್ತದೊತ್ತಡ ಹತೋಟಿಗೆ ಬಾರದವರು, ಎಲ್ಲರೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಗರ್ಭಿಣಿಯರಿಗೂ ಇದೇ ಮಾತು. ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದರೆ ಅದನ್ನು ಮರೆಯದೆ ಹೇಳಿ. ಸಂಜೆಯ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ ಬೆನ್ನೆಲುಬಿನ ಕ್ಷಯ ಅಲ್ಲವೆಂದು ಖಚಿತವಾಗಬೇಕು. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ.

ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ, ಮೆಟ್ಟಿಲು ಹತ್ತಿದಾಗ ಹೆಚ್ಚಾಗುವ ನೋವು ಇದ್ದರೆ ಅದು ಕುತ್ತಿಗೆಯ ಮಾತೇ ಅಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ.

ಎರಡನೆಯ ಹೆಜ್ಜೆ: ಯಂತ್ರಕ್ಕಿಂತ ಮೊದಲು ಕೈ

ಟ್ರ್ಯಾಕ್ಷನ್ ಯಾರಿಗೆ ಹಿಡಿಸುತ್ತದೆ ಎಂಬುದಕ್ಕೆ ಕೆಲವು ಸುಳಿವುಗಳಿವೆ. ನೋವು ಕುತ್ತಿಗೆಯಲ್ಲಷ್ಟೇ ಇರದೆ ಕೈಗೆ ಇಳಿದಿರುತ್ತದೆ. ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರೆ ಹಾಯೆನಿಸುತ್ತದೆ. ಆ ದರ್ಜಿ ತನಗೇ ತಿಳಿಯದೆ ಮಾಡುತ್ತಿದ್ದುದು ಇದನ್ನೇ. ಹಾಗೆ ಇಟ್ಟಾಗ ನರದ ಬಿಗಿ ಸಡಿಲವಾಗುತ್ತದೆ. ಬರೀ ಹೆಗಲಿನ ಸ್ನಾಯು ಬಿಗಿದು, ಲ್ಯಾಪ್‌ಟಾಪಿನ ಮುಂದೆ ಕುಳಿತು ಕುಳಿತು ಬಂದ ಮಂದ ನೋವಿಗೆ ಟ್ರ್ಯಾಕ್ಷನ್ ಬೇಕಾಗುವುದಿಲ್ಲ. ಅದಕ್ಕೆ ಕುರ್ಚಿ ಮೇಜಿನ ಎತ್ತರ ಸರಿಮಾಡಬೇಕು, ಎದ್ದು ಓಡಾಡಬೇಕು. ದಿನವಿಡೀ ತಲೆ ತಗ್ಗಿಸಿ ದುಡಿಯುವ ಕರಾವಳಿಯ ಬೀಡಿ ಕಟ್ಟುವವರಲ್ಲೂ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರಲ್ಲೂ ನಾನು ಮೊದಲು ವಿಚಾರಿಸುವುದು ಕೂರುವ ಭಂಗಿಯನ್ನು, ಆಮೇಲೆ ಉಳಿದದ್ದು.

ಸುಳಿವು ಸಾಲದು, ಪರೀಕ್ಷೆಯಾಗಬೇಕು. ಫಿಸಿಯೋಥೆರಪಿಸ್ಟ್ ನಿಮ್ಮನ್ನು ಮಲಗಿಸಿ, ಒಂದು ಅಂಗೈಯಲ್ಲಿ ಹಿಂದಲೆಯ ಬುಡವನ್ನು ಹಿಡಿದು, ನಿಧಾನವಾಗಿ ತನ್ನ ಕಡೆಗೆ ಎಳೆಯುತ್ತಾರೆ. ಆಗ ಕೈನೋವು ತಗ್ಗಿದರೆ, ಅಥವಾ ಬೆರಳಿನಿಂದ ಹಿಂದೆ ಸರಿದು ಮೊಣಕೈಗೆ, ಮೊಣಕೈಯಿಂದ ಹೆಗಲಿಗೆ ಬಂದರೆ ಒಳ್ಳೆಯ ಗುರುತು. ಕುತ್ತಿಗೆಯಲ್ಲಿ ತುಸು ಹೆಚ್ಚಾದಂತೆ ಕಂಡರೂ ಹೆದರಬೇಕಿಲ್ಲ, ನೋವು ಬೇರಿನತ್ತ ಹಿಂದಿರುಗುವುದು ಚೇತರಿಕೆಯ ದಾರಿ. ಎಳೆದಾಗ ನೋವು ಇನ್ನೂ ಕೆಳಕ್ಕೆ ಇಳಿದರೆ, ಹೊಸದಾಗಿ ಜೋಮು ಬಂದರೆ, ಸಾಧನ ಕೊಳ್ಳುವ ವಿಚಾರ ಅಲ್ಲಿಗೇ ನಿಲ್ಲಲಿ.

ಕೈಯಿಂದ ಹಿತವಾದರೆ ಎರಡು ಮೂರು ದಿನ ಕ್ಲಿನಿಕ್‌ನ ಯಂತ್ರದಲ್ಲಿ ಮಾಡಿಸಿಕೊಳ್ಳಿ. ಖಾಸಗಿಗೆ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ವಿಚಾರಿಸಿ. ಅಲ್ಲಿಂದ ಹೊರಡುವಾಗ ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆಸಿಕೊಳ್ಳಿ: ಎಷ್ಟು ಕಿಲೋ, ಎಷ್ಟು ನಿಮಿಷ, ಕುಳಿತೋ ಮಲಗಿಯೋ, ತಲೆ ಎಷ್ಟು ಬಾಗಿರಬೇಕು. ಅಂಗಡಿಯಲ್ಲಿ ನಿಮ್ಮ ಕೈಯಲ್ಲಿರಬೇಕಾದ್ದು ಈ ಚೀಟಿ.

ಮೂರನೆಯ ಹೆಜ್ಜೆ: ಯಾವ ಬಗೆಯದು

ಬಾಗಿಲಿಗೆ ಸಿಕ್ಕಿಸುವ ಕಿಟ್ ಎಲ್ಲಕ್ಕಿಂತ ಹಳೆಯದು, ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದೂ ಅದೇ. ಟೈನರ್, ವಿಸ್ಕೊ, ಫ್ಲಾಮಿಂಗೊ ಮೊದಲಾದ ಹೆಸರಿನ ಮೊಣಕಾಲು ಪಟ್ಟಿ, ಸೊಂಟದ ಬೆಲ್ಟ್ ಮಾರುವ ಅಂಗಡಿಗಳಲ್ಲಿ ಇದನ್ನೂ ಕೇಳಬಹುದು. ಒಂದು ಲೋಹದ ಕೊಕ್ಕೆ, ರಾಟೆ, ಹಗ್ಗ, ಗದ್ದ ಮತ್ತು ಹಿಂದಲೆಯನ್ನು ಹಿಡಿಯುವ ಪಟ್ಟಿ, ಗೆರೆ ಹಾಕಿದ ನೀರಿನ ಚೀಲ, ಇಷ್ಟೇ ಅದರ ಸಾಮಾನು. ಇದರ ದೊಡ್ಡ ಗುಣವೆಂದರೆ ತೂಕ ಕಣ್ಣಿಗೆ ಕಾಣುತ್ತದೆ. ದೊಡ್ಡ ದೋಷವೆಂದರೆ ಗದ್ದದ ಪಟ್ಟಿ. ಎಳೆತದ ಹೆಚ್ಚಿನ ಪಾಲು ಹಿಂದಲೆಗೆ ಬೀಳಬೇಕು, ಆದರೆ ಕಟ್ಟುವುದು ತಪ್ಪಿದರೆ ಎಲ್ಲ ಭಾರವೂ ದವಡೆಗೆ ಬೀಳುತ್ತದೆ. ದವಡೆಯ ಕೀಲಿನಲ್ಲಿ ಕಟಕಟ ಸದ್ದು, ನೋವು ಇರುವವರು, ಹಿಂದಿನ ಹಲ್ಲುಗಳಿಲ್ಲದವರು ಇದನ್ನು ಆರಿಸಬಾರದು.

ಕುಳಿತು ಎಳೆಯುವುದರ ಲೆಕ್ಕವೂ ಬೇರೆ. ತಲೆಯ ತೂಕವೇ ನಾಲ್ಕೂವರೆಯಿಂದ ಐದು ಕಿಲೋ. ಕುಳಿತಾಗ ಮೊದಲ ನಾಲ್ಕೈದು ಕಿಲೋ ಎಳೆತ ಖರ್ಚಾಗುವುದು ತಲೆಯ ಭಾರ ಹೊರುವುದಕ್ಕೇ. 1960ರ ದಶಕದ ಎಕ್ಸ್-ರೇ ಅಧ್ಯಯನವೊಂದರಲ್ಲಿ ಮೂಳೆಗಳ ನಡುವಿನ ಅಂತರ ಹೆಚ್ಚಿದ್ದು ಕಂಡದ್ದು 30 ಪೌಂಡಿನಲ್ಲಿ, ಅಂದರೆ ಸುಮಾರು ಹದಿಮೂರೂವರೆ ಕಿಲೋದಲ್ಲಿ. ಮನೆಯ ನೀರಿನ ಚೀಲದ ಮಿತಿ ಸಾಮಾನ್ಯವಾಗಿ 20 ಪೌಂಡ್, ಒಂಬತ್ತು ಕಿಲೋ. ಹಾಗಾದರೆ ಹದಿಮೂರು ಕಟ್ಟೋಣವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ಮನೆಯಲ್ಲಿ ನಾವು ಬಯಸುವುದು ತಲೆಯ ಭಾರ ಇಳಿಸಿ ಸ್ನಾಯುಗಳಿಗೆ ಆರಾಮ ಕೊಡುವುದನ್ನು. ಮೂಳೆಗಳನ್ನು ಅಗಲಿಸುವಷ್ಟು ಎಳೆತ ಬೇಕಿದ್ದರೆ ಅದು ಕ್ಲಿನಿಕ್‌ನಲ್ಲಿ ಒಬ್ಬರು ಕಣ್ಣಿಟ್ಟು ಮಾಡುವ ಕೆಲಸ.

ಮಲಗಿ ಬಳಸುವ ಸಾಧನಗಳಲ್ಲಿ ಎರಡು ವಿಧ. ಒಂದು, ಅದೇ ಪಟ್ಟಿ ಮತ್ತು ನೀರಿನ ಚೀಲವನ್ನು ಮಂಚದ ತಲೆದೆಸೆಗೆ ಕಟ್ಟುವುದು. ಇಲ್ಲಿ ತಲೆ ಹಾಸಿಗೆಗೆ ಉಜ್ಜುವುದರಿಂದ ಎಳೆತದ ಸ್ವಲ್ಪ ಭಾಗ ಅಲ್ಲೇ ಕಳೆದುಹೋಗುತ್ತದೆ. ಇನ್ನೊಂದು, ಗಾಳಿಯ ಪಂಪಿನಿಂದ ನಡೆಯುವ ಸಾಧನ. ತಲೆ ಒಂದು ಜಾರುವ ಹಲಗೆಯ ಮೇಲಿರುತ್ತದೆ, ಎರಡು ಮೆತ್ತನೆಯ ಬೆಣೆಗಳು ಹಿಂದಲೆಯ ಬುಡವನ್ನು ಹಿಡಿಯುತ್ತವೆ, ಗದ್ದವನ್ನು ಯಾವುದೂ ಮುಟ್ಟುವುದಿಲ್ಲ, ಎಷ್ಟು ಎಳೆಯುತ್ತಿದೆಯೆಂದು ಮುಳ್ಳು ತೋರಿಸುತ್ತದೆ. ಬಾಗುವ ಕೋನವನ್ನೂ ಬದಲಿಸಬಹುದು. ನನ್ನ ಮನೆಯವರಿಗೆ ಬೇಕಾದರೆ ನಾನು ಆರಿಸುವುದು ಇದನ್ನೇ. ಆದರೆ ಬೆಲೆ ಹತ್ತಾರು ಸಾವಿರ ರೂಪಾಯಿ, ಬಾಗಿಲಿನ ಕಿಟ್‌ನದು ನೂರರ ಲೆಕ್ಕದಲ್ಲಿ. ಇದರ ಎಳೆತ ಇಪ್ಪತ್ತು ಕಿಲೋ ದಾಟಬಲ್ಲದು, ಆದ್ದರಿಂದ ಇದನ್ನು ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ಕಲಿಯಬೇಕು. ಎರಡು ತಿಂಗಳ ಉಪಯೋಗಕ್ಕೆ ಅಷ್ಟು ಹಣ ಸುರಿಯುವ ಬದಲು ಬಾಡಿಗೆಗೆ ಸಿಗುತ್ತದೆಯೇ ಎಂದು ಹಾಸಿಗೆ, ಗಾಲಿಕುರ್ಚಿ ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ವಿಚಾರಿಸಿ.

ಗಾಳಿ ತುಂಬುವ ಕಾಲರ್ ಈಗ ಆನ್‌ಲೈನ್‌ನಲ್ಲಿ ಬಿಸಿ ದೋಸೆಯಂತೆ ಖರ್ಚಾಗುತ್ತಿದೆ. ಮೂರು ಸುತ್ತಿನ ಮೆತ್ತನೆಯ ಪಟ್ಟಿಗೆ ರಬ್ಬರ್ ಉಂಡೆಯಿಂದ ಗಾಳಿ ತುಂಬಿದರೆ ಅದು ಉಬ್ಬಿ, ಕೊರಳೆಲುಬಿನ ಮೇಲೆ ಊರಿ, ದವಡೆಯನ್ನು ಮೇಲಕ್ಕೆ ತಳ್ಳುತ್ತದೆ. ಹಿತವೆನಿಸುವುದು ನಿಜ. ಆದರೆ ಎಷ್ಟು ಕಿಲೋ ಎಂದು ಕೇಳಿದರೆ ಉತ್ತರವಿಲ್ಲ, ಅಗ್ಗದವುಗಳಲ್ಲಿ ಅಳೆಯುವ ಮುಳ್ಳೇ ಇರುವುದಿಲ್ಲ. ಉಬ್ಬಿದ ಪಟ್ಟಿ ಕುತ್ತಿಗೆಯ ಎರಡು ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಗಳ ಮೇಲೂ ಗಂಟಲಿನ ಮೇಲೂ ಒತ್ತುತ್ತದೆ. ವಯಸ್ಸಾದವರು, ಥೈರಾಯ್ಡ್ ಗಂಟು ಇರುವವರು ಇದರಿಂದ ದೂರವಿರಲಿ. ಫಿಸಿಯೋಥೆರಪಿಸ್ಟ್ ಸ್ವತಃ ಇದನ್ನೇ ಸೂಚಿಸಿದ್ದರೆ ಮಾತ್ರ ಕೊಳ್ಳಿ, ಉಸಿರು ಮತ್ತು ಮಾತು ಸಲೀಸಾಗಿರುವಷ್ಟಕ್ಕೇ ಗಾಳಿ ನಿಲ್ಲಿಸಿ. ಬಸ್ಸಿನಲ್ಲಿ, ಕಾರಿನಲ್ಲಿ ಹಾಕಿಕೊಳ್ಳಬೇಡಿ.

ತಲೆಗೆ ಜೋಳಿಗೆಯಂತೆ ಕಟ್ಟಿ ಬಾಗಿಲ ಹಿಡಿಕೆಗೆ ತಗುಲಿಸುವ ಸಾಧನದ ತೊಂದರೆಯೂ ಅಳತೆಯದೇ. ನೀವು ಬಾಗಿಲಿನಿಂದ ಒಂದು ಗೇಣು ದೂರ ಸರಿದರೆ ಎಳೆತ ಬದಲಾಗುತ್ತದೆ. ಆದರೂ ಇದಕ್ಕೊಂದು ಉಪಾಯವಿದೆ, ಮುಂದೆ ಹೇಳುತ್ತೇನೆ.

ಕಮಾನಿನಂತಹ ಗಟ್ಟಿ ಫೋಮ್ ಅಥವಾ ಪ್ಲಾಸ್ಟಿಕ್ ದಿಂಬನ್ನೂ ಟ್ರ್ಯಾಕ್ಷನ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ಅದು ಕುತ್ತಿಗೆಯನ್ನು ಎಳೆಯುವುದಕ್ಕಿಂತ ಹಿಂದಕ್ಕೆ ಬಗ್ಗಿಸುತ್ತದೆ. ಹಿಂದಕ್ಕೆ ಬಗ್ಗಿದಾಗ ನರದ ಕಿಂಡಿ ಕಿರಿದಾಗುತ್ತದೆ, ನಮಗೆ ಬೇಕಾದದ್ದಕ್ಕೆ ತದ್ವಿರುದ್ಧ. ನಿಂತಲ್ಲೇ ತಲೆಯೆತ್ತಿ ಸೂರು ನೋಡಿ. ಕೈಗೆ ಛಳುಕು ಇಳಿದರೆ ಆ ದಿಂಬು ನಿಮಗಲ್ಲ.

ನಾಲ್ಕನೆಯ ಹೆಜ್ಜೆ: ಅಳತೆ

ಪೌಂಡ್ ಮತ್ತು ಕಿಲೋ ಗೊಂದಲವನ್ನು ಕೊಳ್ಳುವ ದಿನವೇ ಬಗೆಹರಿಸಿಕೊಳ್ಳಿ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. 10 ಪೌಂಡ್ ನಾಲ್ಕೂವರೆ ಕಿಲೋ, 15 ಪೌಂಡ್ ಆರೂ ಮುಕ್ಕಾಲು ಕಿಲೋ. ಚೀಲದ ಮೇಲಿನ ಗೆರೆಗಳನ್ನು ನಂಬಿ ಕೂರಬೇಡಿ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ, ಇದಕ್ಕಿಂತ ಒಳ್ಳೆಯ ತಕ್ಕಡಿ ಬೇಕಿಲ್ಲ. ಲೀಟರ್ ಬಾಟಲಿಯಲ್ಲಿ ಅಳೆದು ಹುಯ್ದು, ನಿಮ್ಮ ಚೀಟಿಯಲ್ಲಿರುವ ತೂಕ ಎಲ್ಲಿಗೆ ಬರುತ್ತದೋ ಅಲ್ಲಿ ಅಳಿಸದ ಶಾಯಿಯಲ್ಲಿ ಗೆರೆ ಎಳೆಯಿರಿ. ಮನೆಯಲ್ಲಿ ಯಾರು ತುಂಬಿದರೂ ತಪ್ಪುವುದಿಲ್ಲ. ಕೆಲವು ಕಿಟ್‌ಗಳಲ್ಲಿ ನೀರಿನ ಬದಲು ಮರಳಿನ ಚೀಲ ಬರುತ್ತದೆ, ಅದನ್ನು ತರಕಾರಿ ಅಂಗಡಿಯಲ್ಲಿ ಒಮ್ಮೆ ತೂಗಿಸಿ.

ಜೋಳಿಗೆಯವರಿಗೆ ಹೇಳುತ್ತೇನೆಂದ ಉಪಾಯ ಇದು. ರದ್ದಿ ಕಾಗದದವರು ಬಳಸುವ ಕೊಕ್ಕೆ ತಕ್ಕಡಿಯನ್ನು ನೀವು ನೋಡಿದ್ದೀರಿ. ಪ್ರಯಾಣದ ಪೆಟ್ಟಿಗೆ ತೂಗಲು ಬಳಸುವ ಸಣ್ಣ ಡಿಜಿಟಲ್ ತಕ್ಕಡಿಯೂ ಆದೀತು. ಅದನ್ನು ಬಾಗಿಲ ಹಿಡಿಕೆ ಮತ್ತು ಜೋಳಿಗೆಯ ಹಗ್ಗದ ನಡುವೆ ಸಿಕ್ಕಿಸಿ, ನೀವು ಮಲಗಿದ ಮೇಲೆ ಮನೆಯವರಿಗೆ ಅಂಕಿ ಓದಲು ಹೇಳಿ. ಅಂಕಿ ಸರಿಹೋದಾಗ ಭುಜ ಇದ್ದ ಜಾಗಕ್ಕೆ ನೆಲದ ಮೇಲೆ ಟೇಪು ಅಂಟಿಸಿ. ಅಂಕಿ ತೋರಿಸದ ಸಾಧನಕ್ಕೆ ಹೀಗೆ ಅಂಕಿ ಕೊಡಬಹುದು.

ಐದನೆಯ ಹೆಜ್ಜೆ: ಮನೆಯ ಬಾಗಿಲನ್ನು ಅಳೆಯಿರಿ

ಕಿಟ್ ಕೊಂಡು ತಂದ ಮೇಲೆ ಅದು ಬಾಗಿಲಿಗೆ ಕೂರುವುದಿಲ್ಲ ಎಂದು ಮೂಲೆಗೆ ಸೇರಿಸಿದ ಮನೆಗಳು ಎಷ್ಟೋ. ಕೊಕ್ಕೆಗಳನ್ನು ತೆಳುವಾದ ಒಳಬಾಗಿಲುಗಳಿಗೆ ಮಾಡಿರುತ್ತಾರೆ. ಮಲೆನಾಡಿನ ಹಲಸಿನ ಮರದ ದಪ್ಪ ಕದಕ್ಕೆ, ಹಳೆಯ ಮನೆಯ ಎರಡು ಕದದ ಬಾಗಿಲಿಗೆ ಅವು ಒಗ್ಗುವುದಿಲ್ಲ. ಬಚ್ಚಲಿನ ಪಿವಿಸಿ ಬಾಗಿಲು ಭಾರಕ್ಕೆ ಬಗ್ಗುತ್ತದೆ. ಕೋಣೆಯ ಫ್ಲಶ್ ಬಾಗಿಲು ಸರಿಯಾದ ಆಯ್ಕೆ. ಅದರ ದಪ್ಪವನ್ನು ಮಿಲಿಮೀಟರ್‌ನಲ್ಲಿ ಅಳೆದು ಕೊಕ್ಕೆಯ ಬಾಯಗಲದೊಂದಿಗೆ ಹೋಲಿಸಿ. ಬಾಗಿಲಿಗೂ ಮೇಲಿನ ಚೌಕಟ್ಟಿಗೂ ನಡುವೆ ಕೊಕ್ಕೆಯ ತಗಡು ಹಿಡಿಸುವಷ್ಟು ಸಂದಿ ಇದೆಯೇ ನೋಡಿ, ಏಕೆಂದರೆ ಬಾಗಿಲು ಪೂರ್ತಿ ಮುಚ್ಚಿ ಚಿಲಕ ಹಾಕಿರಬೇಕು. ನೀವು ತಲೆ ಕಟ್ಟಿಕೊಂಡು ಕುಳಿತಾಗ ಮಗು ಓಡಿಬಂದು ಬಾಗಿಲು ತಳ್ಳಿದರೆ ಏನಾದೀತೆಂದು ಊಹಿಸಿ. ಸೀಲಿಂಗ್ ಫ್ಯಾನಿನ ಕೊಕ್ಕೆಗೆ, ಕಿಟಕಿಯ ಸರಳಿಗೆ ಕಟ್ಟುವ ಸಾಹಸ ಬೇಡವೇ ಬೇಡ. ಬಾಗಿಲು ಹೊಂದದಿದ್ದರೆ ಮಲಗಿ ಬಳಸುವ ಕಿಟ್ ನೋಡಿ.

ಆರನೆಯ ಹೆಜ್ಜೆ: ಅಂಗಡಿಯಲ್ಲಿ

ಪಟ್ಟಿಯನ್ನು ಅಂಗಡಿಯಲ್ಲೇ ಹಾಕಿ ನೋಡಿ, ಕೈಯಿಂದ ಮೆಲ್ಲಗೆ ಮೇಲಕ್ಕೆ ಎತ್ತಿಸಿ. ಎತ್ತಿದಾಗ ಹಿಂದಲೆಯ ಬುಡದಲ್ಲಿ ಹಿಡಿತ ಗೊತ್ತಾಗಬೇಕು, ಗದ್ದದ ಕೆಳಗೆ ಒಂದು ಬೆರಳು ತೂರಬೇಕು, ಮಾತನಾಡಲು ಬರಬೇಕು. ಪಟ್ಟಿ ಕಿವಿಗೆ ತಾಗಬಾರದು, ಗಂಟಲಿಗೆ ಜಾರಬಾರದು. ಹೊಲಿಗೆಯನ್ನು ಎಳೆದು ನೋಡಿ. ರಾಟೆಯಲ್ಲಿ ಹಗ್ಗ ತಡೆಯಿಲ್ಲದೆ ಓಡಬೇಕು, ಸಿಕ್ಕಿಕೊಳ್ಳುವ ರಾಟೆ ತೂಕವನ್ನು ನುಂಗಿಹಾಕುತ್ತದೆ.

1 ಏಪ್ರಿಲ್ 2020ರಿಂದ ನಮ್ಮ ದೇಶದಲ್ಲಿ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ದೂರು ಕೊಡುವ ಸಂಖ್ಯೆ ಇರಬೇಕು. ಇವಿಲ್ಲದ, ಬರೀ ಚಿತ್ರ ಮತ್ತು ಹೊಗಳಿಕೆ ಇರುವ ಪೆಟ್ಟಿಗೆಯನ್ನು ಕೆಳಗಿಡಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ವಾಪಸು ಕೊಡಲು ಅವಕಾಶವಿದೆಯೇ ಎಂದು ಮೊದಲು ನೋಡಿ, ಮೈಗೆ ತಾಗುವ ವಸ್ತುಗಳನ್ನು ಕೆಲವರು ಹಿಂದಕ್ಕೆ ಪಡೆಯುವುದಿಲ್ಲ.

ಏಳನೆಯ ಹೆಜ್ಜೆ: ಮೊದಲ ದಿನ

ಮನೆಯಲ್ಲಿ ಇನ್ನೊಬ್ಬರು ಇರುವಾಗಲೇ ಮಾಡಿ. ಊಟವಾದ ಕೂಡಲೇ ಬೇಡ. ಓಲೆ, ಸರ ತೆಗೆದಿಡಿ. ತಲೆಗೆ ಎಣ್ಣೆ ಹಚ್ಚಿದ್ದರೆ ಪಟ್ಟಿ ಜಾರುತ್ತದೆ. ತುರುಬು ಹಿಂದಲೆಯ ಬುಡಕ್ಕೆ ಅಡ್ಡ ಬರುತ್ತದೆ, ಕೂದಲನ್ನು ನೆತ್ತಿಯ ಮೇಲೆ ಕಟ್ಟಿಕೊಳ್ಳಿ ಅಥವಾ ಜಡೆಯನ್ನು ಮುಂದಕ್ಕೆ ಇಳಿಬಿಡಿ.

ಬಾಗಿಲಿನ ಕಿಟ್ ಆದರೆ ಬಾಗಿಲಿಗೆ ಮುಖ ಮಾಡಿ ಕುಳಿತುಕೊಳ್ಳಿ. ಬೆನ್ನು ಮಾಡಿ ಕುಳಿತರೆ ಹಗ್ಗ ತಲೆಯನ್ನು ಹಿಂದಕ್ಕೆ ಜಗ್ಗುತ್ತದೆ, ಕಿಂಡಿ ಕಿರಿದಾಗುತ್ತದೆ. ಎಷ್ಟೋ ಜನ ಟಿವಿ ನೋಡಬಹುದೆಂದು ತಿರುಗಿ ಕೂರುತ್ತಾರೆ, ಅಷ್ಟಕ್ಕೇ ಕೆಲಸ ಕೆಡುತ್ತದೆ. ಬೆನ್ನಾಸರೆಯ ಕುರ್ಚಿ, ಪಾದ ನೆಲಕ್ಕೆ, ಕೈಗಳು ತೊಡೆಯ ಮೇಲೆ. ಬಾಗಿಲಿಗೆ ಒತ್ತಿಕೊಳ್ಳದೆ ತುಸು ಹಿಂದೆ ಕುಳಿತರೆ ಹಗ್ಗ ಮೇಲಕ್ಕೂ ಮುಂದಕ್ಕೂ ಎಳೆದು ತಲೆ 15ರಿಂದ 25 ಡಿಗ್ರಿಯಷ್ಟು ಬಾಗುತ್ತದೆ. ನೋಟ ನೇರಕ್ಕಿಂತ ಸ್ವಲ್ಪ ಕೆಳಗೆ ಬಿದ್ದರೆ ಸರಿಯಾಯಿತು. ಕುತ್ತಿಗೆಯ ಕೆಳಭಾಗದ ನರಗಳಿಗೆ ಈ ಬಾಗು ಬೇಕು.

ಪಟ್ಟಿ ಕಟ್ಟಿಕೊಂಡ ಮೇಲೆ ತೂಕದ ಚೀಲವನ್ನು ಇನ್ನೊಬ್ಬರು ಹಿಡಿದು ಮೆಲ್ಲಗೆ ಬಿಡಲಿ, ತಟ್ಟನೆ ಕೈಬಿಡಬಾರದು. ಚೀಟಿಯಲ್ಲಿ ಬೇರೆ ಏನನ್ನೂ ಬರೆದಿಲ್ಲವಾದರೆ ಮೊದಲ ದಿನ ಐದು ನಿಮಿಷ ಸಾಕು, ತೂಕ ನಾಲ್ಕೂವರೆ ಕಿಲೋ ದಾಟದಿರಲಿ. ಹೊಂದಿಕೊಂಡರೆ ದಿನ ಬಿಟ್ಟು ದಿನ ಎರಡೆರಡು ನಿಮಿಷ ಹೆಚ್ಚಿಸಿ ಹದಿನೈದು ನಿಮಿಷಕ್ಕೆ ತನ್ನಿ. ಮೊದಲು ಸಮಯ ಹೆಚ್ಚಲಿ, ಆಮೇಲೆ ತೂಕ, ಅದೂ ಫಿಸಿಯೋಥೆರಪಿಸ್ಟ್ ಹೇಳಿದರೆ, ಅರ್ಧ ಅರ್ಧ ಕಿಲೋ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಎಳೆತದ ಹಿತಕ್ಕೆ ಕಣ್ಣು ಎಳೆಯುತ್ತದೆ. ಟ್ರ್ಯಾಕ್ಷನ್‌ನಲ್ಲಿ ನಿದ್ದೆ ಹೋಗಬಾರದು.

ಬಿಚ್ಚುವಾಗ ಇನ್ನೂ ಎಚ್ಚರಿಕೆ ಬೇಕು. ಚೀಲವನ್ನು ಕೆಳಗಿನಿಂದ ನಿಧಾನವಾಗಿ ಎತ್ತಿ ಭಾರ ಇಳಿಸಿ, ಪಟ್ಟಿ ತೆಗೆಯಿರಿ, ಐದು ನಿಮಿಷ ಹಾಗೆಯೇ ಕುಳಿತಿರಿ. ತಕ್ಷಣ ಹೆಲ್ಮೆಟ್ ಹಾಕಿ ಬೈಕ್ ಹತ್ತಬೇಡಿ. ಗದ್ದವನ್ನು ಹಿಂದಕ್ಕೆ ಸೆಳೆದುಕೊಳ್ಳುವ, ಭುಜದ ಹಲಗೆಗಳನ್ನು ಹತ್ತಿರ ತರುವ ವ್ಯಾಯಾಮಗಳನ್ನು ಈ ಹೊತ್ತಿನಲ್ಲಿ ಮಾಡಿದರೆ ಕೈ ಸಲೀಸಾಗಿ ಬರುತ್ತದೆ.

ತಲೆಸುತ್ತು, ವಾಕರಿಕೆ, ಕಿವಿಯಲ್ಲಿ ಮೊರೆತ, ದೃಷ್ಟಿ ಮಂಜಾಗುವುದು, ಕಾಲಿನಲ್ಲಿ ಜೋಮು, ಕೈನೋವು ಕೆಳಕ್ಕೆ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣ ನಿಲ್ಲಿಸಿ. ಸ್ವಲ್ಪ ಸಹಿಸಿಕೊಂಡರೆ ಸರಿಹೋಗುತ್ತದೆ ಎಂದು ಮುಂದುವರಿಸಬೇಡಿ, ವೈದ್ಯರಿಗೆ ಹೇಳಿ.

ಎರಡು ವಾರದ ನಂತರ

ಕ್ಯಾಲೆಂಡರಿನ ಚೌಕದಲ್ಲಿ ದಿನವೂ ಮೂರು ಸಂಗತಿ ಬರೆಯಿರಿ: ಎಷ್ಟು ಕಿಲೋ, ಎಷ್ಟು ನಿಮಿಷ, ಮರುದಿನ ಬೆಳಿಗ್ಗೆ ನೋವು ಎಲ್ಲಿಯವರೆಗೆ ಇತ್ತು. "ಬೆರಳು", "ಮೊಣಕೈ", "ಹೆಗಲು" ಎಂಬ ಒಂದು ಪದ ಸಾಕು. ಎರಡು ವಾರದಲ್ಲಿ ಆ ಪದ ಮೇಲಕ್ಕೆ ಏರದಿದ್ದರೆ ತೂಕ ಹೆಚ್ಚಿಸುವ ಬದಲು ನಿಲ್ಲಿಸಿ, ಮತ್ತೆ ತೋರಿಸಿ. ಕೈಯ ಬಲ ಕುಗ್ಗುತ್ತಿದ್ದರೆ, ತುಂಬಿದ ಬಿಂದಿಗೆ ಎತ್ತಲಾಗದಿದ್ದರೆ, ಎರಡು ವಾರ ಕಾಯಲೂ ಬೇಡ. ನೋವು ಹೆಗಲಿಗೆ ಬಂದು ನಿಂತರೆ ಎಳೆತವನ್ನು ದಿನ ಬಿಟ್ಟು ದಿನ ಮಾಡಿ, ಆಮೇಲೆ ಬಿಟ್ಟುಬಿಡಿ, ವ್ಯಾಯಾಮ ಮಾತ್ರ ಮುಂದುವರಿಯಲಿ.

ಆ ದರ್ಜಿ ಹೊಸ ಕಿಟ್ ಕೊಳ್ಳಲಿಲ್ಲ. ದವಡೆ ಸರಿಹೋಗುವವರೆಗೆ ಕ್ಲಿನಿಕ್‌ನಲ್ಲಿ ಕೈಯಿಂದ ಎಳೆದೆ, ಆಮೇಲೆ ಅವರ ಚೀಲದ ಮೇಲೆಯೇ ನಾಲ್ಕೂವರೆ ಲೀಟರಿಗೆ ಗೆರೆ ಹಾಕಿ, ಬಾಗಿಲಿಗೆ ಮುಖ ಮಾಡಿ ಕೂರಿಸಿದೆ. ಐದು ವಾರಕ್ಕೆ ಅವರ ಕೈ ನೆತ್ತಿಯಿಂದ ಇಳಿದು ಹೊಲಿಗೆ ಯಂತ್ರದ ಮೇಲೆ ಬಂತು. ಯಂತ್ರದ ಮೇಜಿನ ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿದ್ದೂ ಅದಕ್ಕೆ ಕಾರಣ. ಈಗ ಆ ಕಿಟ್ ಅವರ ಅಟ್ಟದ ಮೇಲಿದೆ. ಪಕ್ಕದ ಮನೆಯವರು ತಮಗೂ ಕುತ್ತಿಗೆ ನೋವೆಂದು ಅದನ್ನು ಕೇಳಲು ಬಂದಾಗ ಅವರು ಕಿಟ್ ಕೊಡಲಿಲ್ಲ, ನನ್ನ ಕ್ಲಿನಿಕ್‌ಗೆ ಕರೆದುಕೊಂಡು ಬಂದರು.